ನೀಲಿ ಹಲ್ಲಿನ ರಾಜ, ಎರಡು ಪ್ರತಿ

‘ಗೊತ್ತಿಲ್ಲ’ ಎಂಬ ಶಬ್ದ ಕಾಶಿನಾಥ ಅವರ ಬಾಯಿಂದ ಬಂದದ್ದನ್ನು ಕೇಳಿದವರು ನಾರಾಯಣಗೂಡದಲ್ಲಿ ಯಾರೂ ಇರಲಿಲ್ಲ. ಇದರಲ್ಲಿ ಅವರ ತಪ್ಪಿಲ್ಲ, ತಪ್ಪು ನೌಕರಿಯದು. ನಾಚಾರಂನ ಪೈಪ್ ಕಾರ್ಖಾನೆಯೊಂದರಲ್ಲಿ ಅವರು ಇಪ್ಪತ್ತಾರು ವರ್ಷಗಳಿಂದ ಸ್ಟೋರ್ ನೋಡಿಕೊಳ್ಳುತ್ತಾರೆ. "ಮೂರಿಂಚಿನ ಎಲ್ಬೋ ಐತೇನ್ರಿ?" ಎಂದು ಯಾರು ಬಂದು ಕೇಳಿದರೂ ತಲೆ ಎತ್ತದೆ, "ಐತಿ. ಎರಡನೇ ರ‍್ಯಾಕಿನ್ಯಾಗ ನೋಡ್ರಿ" ಎನ್ನುತ್ತಾರೆ. ಇಲ್ಲ ಎಂದರೆ ಜಗಳ, ಐತಿ ಎಂದರೆ ಬರೀ ಹುಡುಕಾಟ. ಹುಡುಕುವವನು ಅರ್ಧ ತಾಸಿಗೆ ದಣಿದು, ಕೈಗೆ ಸಿಕ್ಕ ಇನ್ನೇನನ್ನೋ ಎತ್ತಿಕೊಂಡು ಹೋಗುತ್ತಾನೆ. ಇಂಥದೇ ಒಂದು ಎರಡನೇ ರ‍್ಯಾಕು ಕಾಶಿನಾಥ ಅವರ ತಲೆಯಲ್ಲೂ ಇದೆ. ಲೋಕದ ಸಕಲ ಪ್ರಶ್ನೆಗಳಿಗೂ ಉತ್ತರ ಅಲ್ಲೇ ಇದೆ ಎಂದು ಅವರು ಖಾತ್ರಿಯಾಗಿ ನಂಬಿದ್ದರು. ಹುಡುಕಲು ಮಾತ್ರ ಮಹಡಿ ಹತ್ತಿ ನನ್ನ ಖೋಲಿಗೆ ಬರುತ್ತಿದ್ದರು.

ನಾನು ಅವರ ಮಹಡಿಯ ಬಾಡಿಗೆದಾರ. ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವವನಾದ್ದರಿಂದ ಆ ಮನೆಗೆಲ್ಲ ‘ಮಾಸ್ತರ’. ಅವರು ಲಿಂಗಸುಗೂರಿನ ಕಡೆಯವರು, ನಾನೂ ಆ ಕಡೆಯವನೇ. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಚಹಾದ ಜೊತೆ ಮಾತ್ರ ಕನ್ನಡ ಎಂಬ ನಿಯಮದ ಮೇಲೆ ನಮ್ಮ ಸ್ನೇಹ ನಡೆದಿತ್ತು.

ಆ ವಾರ ಮನೆಯಲ್ಲಿ ಸಡಗರ. ಕಾಶಿನಾಥ ಅವರ ಮಗಳು ಐಶ್ವರ್ಯಾಗೆ ಬೇಗಂಪೇಟೆಯ ದೀಪಕನ ಜೊತೆ ಭಾನುವಾರ ನಿಶ್ಚಯ. ಊಟ, ಹಾಲು, ಹೂವು, ಉಂಗುರ ಎಲ್ಲವೂ ನಿಕ್ಕಿಯಾಗಿದ್ದವು. ನಿಕ್ಕಿಯಾಗದೆ ಉಳಿದದ್ದು ಒಂದು ಹಲ್ಲು.

ಹಲ್ಲು ಕಾಶಿನಾಥ ಅವರ ತಾಯಿ ಗಿರಿಜಾಬಾಯಿಯವರದು. ಹೊಸ ಮದುವಣಗಿತ್ತಿಯಾಗಿ ಬಂದ ವರ್ಷ ಬಾವಿಯ ರಾಟೆ ಹಗ್ಗ ಬಿಟ್ಟು ಹಿತ್ತಾಳೆ ಕೊಡ ಅವರ ಮುಂದಿನ ಹಲ್ಲಿನ ಮೇಲೆ ಹಲ್ಲೆ ಮಾಡಿತ್ತು. ಹಲ್ಲು ಬೀಳಲಿಲ್ಲ. ಮೆಲ್ಲಗೆ ಸತ್ತು, ಇದ್ದಲ್ಲೇ ನಿಂತು, ನೀಲಿಗಪ್ಪು ಬಣ್ಣಕ್ಕೆ ತಿರುಗಿತು. "ಮಂದಿ ಮುಂದ ಬಾಯಿಗೆ ಸೆರಗು ಇರ್ಲಿ" ಎಂದು ಅತ್ತೆ ಅಂದಿದ್ದರಂತೆ. ಅತ್ತೆ ಹೋಗಿ ಮೂವತ್ತು ವರ್ಷವಾದರೂ ಆ ಆರ್ಡರು ಇನ್ನೂ ಚಾಲ್ತಿಯಲ್ಲಿತ್ತು. ಅವರ ಮನೆಯ ಆಲ್ಬಮ್ಮಿನಲ್ಲಿ ಅಜ್ಜಿಯ ಐವತ್ತು ವರ್ಷದ ಫೋಟೋಗಳಿವೆ. ಎಲ್ಲದರಲ್ಲೂ ಎರಡು ಕಣ್ಣು ಮತ್ತು ಒಂದು ಸೆರಗು. ಅಜ್ಜಿ ನಕ್ಕರೆ ಸೆರಗು ಅಲುಗುತ್ತದೆ. ಎಷ್ಟು ನಕ್ಕರೆಂಬುದನ್ನು ನಾವು ಬಟ್ಟೆ ನೋಡಿ ಅಂದಾಜು ಮಾಡಬೇಕು.

ಈ ಸಲ ಅಜ್ಜಿ, ನಿಶ್ಚಯದ ದಿನ ತಾನು ಅಡಿಗೆಮನೆ ಬಿಟ್ಟು ಬರುವುದಿಲ್ಲ ಎಂದುಬಿಟ್ಟರು. "ಬೀಗರ ಫೋಟೋಗ್ರಾಫರ ದೊಡ್ಡ ದೊಡ್ಡ ಲೈಟ್ ತರ್ತಾನಂತ. ನಾ ಒಲ್ಲೆ."

ಐಶ್ವರ್ಯಾ ಅಜ್ಜಿಯ ಮೊಮ್ಮಗಳು. ಹಟ ಬೇರೆಲ್ಲಿಂದ ಬರಬೇಕು? "ಅಜ್ಜಿ ನನ್ನ ಬಾಜೂ ಕೂತು, ಸೆರಗು ತೆಗೆದು, ಫೋಟೋ ತೆಗೆಸ್ಕೋಬೇಕು. ಇಲ್ಲಾಂದ್ರ ನಾ ಉಂಗುರ ಹಾಕಿಸ್ಕೊಳ್ಳಂಗಿಲ್ಲ" ಎಂದಳು. ಇದನ್ನು ಕೇಳಿ ಅವಳ ತಾಯಿ ಶಿವಗಂಗಾ ಹಣೆ ಹಣೆ ಬಡಿದುಕೊಂಡರು. ಹಲ್ಲಿನ ಡಾಕ್ಟರು ಹತ್ತು ನಿಮಿಷದ ಕೆಲಸ ಎಂದು ಹೇಳಿದ್ದನ್ನು ನೆನಪಿಸಿದರು.

"ಐವತ್ತು ವರ್ಷ ಜೋಡಿ ಇದ್ದದ್ದು. ಹತ್ತು ನಿಮಿಷದಾಗ ಕಿತ್ತಿ ಒಗಿ ಅಂತೀಯಲ್ಲ ನೀನು" ಎಂದು ಅಜ್ಜಿ ಸೊಸೆಯ ಬಾಯಿ ಮುಚ್ಚಿಸಿದರು.

ಸೋಮವಾರ ಸಂಜೆ ಐಶ್ವರ್ಯಾ ಅಪ್ಪನಿಗೆ ಕೊರಳಿಗೆ ಹಾಕಿಕೊಳ್ಳುವ ಇಯರ್‌ಫೋನು ತಂದುಕೊಟ್ಟಳು. ಕರಿ ಪಟ್ಟಿ, ಎರಡು ತುದಿಗೆ ಎರಡು ಗುಂಡಿ. ಒತ್ತಿದರೆ ಒಳಗಿನಿಂದ ಹೆಣ್ಣುದನಿ, "ಬ್ಲೂಟೂತ್ ಕನೆಕ್ಟೆಡ್."

"ಏನಂತಾಳ ಆಕಿ?" ಎಂದರು ಅಜ್ಜಿ.

ಐಶ್ವರ್ಯಾ ಬಿಡಿಸಿ ಹೇಳಿದಳು. ಕೇಳಿ ಅಜ್ಜಿಯ ಸೆರಗು ಬಿಗಿಯಾಯಿತು. "ನೀಲಿ ಹಲ್ಲು ಅಂತ ಹೆಸರಿಟ್ಟಾರ? ಯಾಕ? ಆಡಿಕೊಳ್ಳಾಕ ಬ್ಯಾರೆ ಹೆಸರು ಸಿಗಲಿಲ್ಲೇನು ಅವರಿಗೆ? ಕಾಶೀ, ಯಾಕಂತ ಗೊತ್ತೈತೇನು ನಿನಗ?"

"ಗೊತ್ತೈತಿ ಬೇ. ತಡಿ, ಅಂಗಿ ಒಣಗ್ಯಾವೇನು ನೋಡಿ ಬರ್ತೀನಿ" ಎಂದು ಕಾಶಿನಾಥ ಅವರು ಮಹಡಿ ಹತ್ತಿ ಎರಡನೇ ರ‍್ಯಾಕಿಗೆ ಬಂದರು.

ನಾನು ಬಲ್ಲಷ್ಟನ್ನು ಹೇಳಿದೆ. ಸಾವಿರ ವರ್ಷದ ಹಿಂದೆ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಎಂಬ ರಾಜನಿದ್ದ. ಒಂದು ಹಲ್ಲು ಸತ್ತು ನೀಲಿಗಟ್ಟಿತ್ತಂತೆ. ಜನ ಅವನನ್ನು ನೀಲಿ ಹಲ್ಲಿನವನು ಎಂದೇ ಕರೆದರಂತೆ. ಒಬ್ಬರ ಮುಖ ಒಬ್ಬರು ನೋಡದ ಪಂಗಡಗಳನ್ನು ಆತ ಒಟ್ಟು ಮಾಡಿದ. ನಮ್ಮ ಕಾಲದಲ್ಲಿ ಈ ಕಂಪನಿಯ ಯಂತ್ರ ಆ ಕಂಪನಿಯ ಯಂತ್ರದ ಜೊತೆ ಮಾತು ಬಿಟ್ಟು ಕೂತಿದ್ದಾಗ ಇಂಜಿನಿಯರುಗಳೆಲ್ಲ ಸೇರಿ, ತಂತಿಯಿಲ್ಲದೆ ಮಾತಾಡಿಸುವ ಉಪಾಯ ಮಾಡಿದರು. ಅವರಲ್ಲೊಬ್ಬ ಈ ರಾಜನ ಕಥೆ ಓದಿದ್ದ. ಸದ್ಯಕ್ಕೆ ಇವನ ಹೆಸರಿರಲಿ, ಆಮೇಲೆ ಒಳ್ಳೆಯದು ಇಡೋಣ ಅಂದರು. ಆಮೇಲೆ ಒಳ್ಳೆಯದು ಸಿಗಲಿಲ್ಲ. ತೊಟ್ಟಿಲಲ್ಲಿದ್ದಾಗ ‘ಗುಂಡ್ಯಾ’ ಎಂದು ಕರೆದದ್ದು ಶಾಲೆಯ ಹಾಜರಿಗೂ ಹತ್ತಿದ ಹಾಗೆ ಅದೇ ನಿಂತುಬಿಟ್ಟಿತು. ಫೋನಿನಲ್ಲಿ ಕಾಣುವ ಗುರುತು ಕೂಡ ಅವನ ಹೆಸರಿನ ಎರಡು ಹಳೇ ಅಕ್ಷರ ಕೂಡಿಸಿದ್ದು, ನಮ್ಮ ಒತ್ತಕ್ಷರದಂತೆ.

ಕಾಶಿನಾಥ ಅವರು ಇದನ್ನು ಕೆಳಗೆ ಒಯ್ದು, ದಾರಿಯ ಹನ್ನೆರಡು ಮೆಟ್ಟಿಲಲ್ಲಿ ಸ್ವಲ್ಪ ಬೆಳೆಸಿ ಹೇಳಿದರು. ಅವರ ಕಥೆಯ ರಾಜನಿಗೂ ಬಾವಿಯ ಕೊಡವೇ ಬಡಿದಿತ್ತು.

ಅಜ್ಜಿ ಇಯರ್‌ಫೋನನ್ನು ಕೈಗೆತ್ತಿಕೊಂಡರು. "ಅಷ್ಟು ದೊಡ್ಡ ರಾಜಾ. ಮಂದಿ ಮುಂದ ಬಾಯಿ ಮುಚ್ಕೊಂತಿದ್ದನೇನು?"

"ಎಲ್ಲೀದು ಬೇ. ಹಲ್ಲು ಬಿಟ್ಟುಕೊಂಡೇ ದರ್ಬಾರ ಮಾಡ್ತಿದ್ದ."

"ಫೋಟೋ ಐತೇನು ಆತಂದು?"

"ಐತಿ" ಎಂದರು ಕಾಶಿನಾಥ ಅವರು. ಸ್ಟೋರಿನ ನಾಲಿಗೆ, ತಡೆಯುವವರು ಯಾರು?

"ತಂದು ತೋರಿಸು. ಆತ ಹಲ್ಲು ತೋರಿಸಿ ಕುಂತಿದ್ದರ ನಾನೂ ಕೂಡ್ತೀನಿ, ಐಶೂನ ಬಾಜೂ. ಇಲ್ಲಾಂದ್ರ ಅಡಿಗಿಮನ್ಯಾಗ ನನ್ನ ಕೆಲಸ ನನಗೈತಿ."

ಸಾವಿರ ವರ್ಷದ ಹಿಂದೆ ಕ್ಯಾಮರಾ ಇರಲಿಲ್ಲ ಎಂಬುದು ಕಾಶಿನಾಥ ಅವರಿಗೆ ನೆನಪಾದದ್ದು ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುವಾಗ. ಇಂಟರ್ನೆಟ್ಟಿನಲ್ಲಿ ನಾವಿಬ್ಬರೂ ಹುಡುಕಿದೆವು. ಕಲ್ಲು ಸಿಕ್ಕಿತು, ಚರ್ಚು ಸಿಕ್ಕಿತು, ಗಡ್ಡ ಸಿಕ್ಕಿತು. ಹಲ್ಲು ಸಿಗಲಿಲ್ಲ.

ಬುಧವಾರ ಅವರು ಅಂಬಾದಾಸನ ಫೋಟೋ ಸ್ಟುಡಿಯೋಗೆ ಹೋದರು. ಜೊತೆಗೆ ಧೈರ್ಯಕ್ಕೆ ನಾನು. ಅಂಬಾದಾಸ ಈ ಭಾಗದ ನಮ್ಮವರಿಗೆಲ್ಲ ಬೇಕಾದವನು. ತೀರಿಕೊಂಡವರ ಪಾಸ್‌ಪೋರ್ಟ್ ಸೈಜಿನ ಚಿತ್ರ ಕೊಟ್ಟರೆ ಸಾಕು, ಬನಿಯನ್ನಿನ ಮೇಲೆ ಕರಿ ಕೋಟು, ಬೋಳುತಲೆಯ ಮೇಲೆ ಜರಿ ಪಟಗಾ, ಹಿಂದೆ ನೀಲಿ ಆಕಾಶ ಹಾಕಿ ದೊಡ್ಡದು ಮಾಡಿ ಕೊಡುತ್ತಾನೆ. ಬದುಕಿದ್ದಾಗ ಒಂದು ದಿನವೂ ಪಟಗಾ ಸುತ್ತದವರು ಕೂಡ ಅವನ ಕೈಯಲ್ಲಿ ಗೌಡರಾಗಿ ಸ್ವರ್ಗಕ್ಕೆ ಹೋಗಿದ್ದಾರೆ.

"ತೀರಿಕೊಂಡು ಎಷ್ಟ ದಿನ ಆತ್ರಿ?" ಎಂದ ಅಂಬಾದಾಸ, ಪದ್ಧತಿಯ ಪ್ರಕಾರ ಮೋರೆ ಸಣ್ಣ ಮಾಡಿ.

"ಸಾವಿರ ವರ್ಷ ಆತು."

ಅಂಬಾದಾಸ ಮೋರೆಯನ್ನು ಮತ್ತೆ ಮೊದಲಿನ ಅಳತೆಗೆ ತಂದ. ವಿಷಯ ತಿಳಿದ ಮೇಲೆ ಕಂಪ್ಯೂಟರಿನಲ್ಲಿ ಇದ್ದಬದ್ದ ರಾಜರನ್ನೆಲ್ಲ ಹೊರಗೆ ತೆಗೆದ. ಒಬ್ಬೊಬ್ಬನೂ ತುಟಿ ಬಿಗಿದು ಕೂತಿದ್ದ. "ರಾಜರು ಹಲ್ಲು ಬಿಡೋದು ನಾ ನೋಡಿಲ್ರಿ. ಹಲ್ಲು ಬಿಟ್ರ ಮಂದಿ ಹೆದರ್ತಾರೇನು?" ಎಂದು ಸ್ವಲ್ಪ ಹೊತ್ತು ಯೋಚಿಸಿ, ಕಾಶಿನಾಥ ಅವರನ್ನೇ ಸ್ಟೂಲಿನ ಮೇಲೆ ಕೂಡಿಸಿದ. "ನಗ್ರಿ. ಇನ್ನ ಸ್ವಲ್ಪ. ದವಡಿ ಬ್ಯಾಡ, ಮುಂದಿನವು ಸಾಕು."

ಯುರೋಪಿನ ಕಿರೀಟ ಅವನಲ್ಲಿ ಇರಲಿಲ್ಲ, ಪಟಗಾ ಇತ್ತು. ಕೋಟೂ ಇತ್ತು. ಗಡ್ಡ ಅಂಟಿಸಿ ನೋಡಿದ. ನೀಲಿ ಹಲ್ಲು ಮುಚ್ಚಿಹೋಗುತ್ತದೆಂದು ಅದನ್ನು ಬೋಳಿಸಿದ. ಕೊನೆಗೆ ಕೆಳಗೆ ಹೆಸರು ಹಾಕಬೇಕು. ಹೆರಾಲ್ಡೋ ಹರಾಲ್ಡೋ ಎಂಬ ಚರ್ಚೆಯಲ್ಲಿ ಕಾಶಿನಾಥ ಅವರೂ ನಾನೂ ಒಂದಾಗಲಿಲ್ಲ. "ಆಮ್ಯಾಲ ಹೇಳ್ರಿ, ಜಾಗ ಬಿಟ್ಟಿರ್ತೀನಿ" ಎಂದ. ಅವನ ಅಚ್ಚಿನಲ್ಲಿ ಮೊದಲೇ ಇರುವ ‘ಕೀರ್ತಿಶೇಷ’ ಎಂಬುದು ಹಾಗೇ ಉಳಿಯಿತು. ಅದರ ಮುಂದೆ ಖಾಲಿ.

ಹೀಗೆ ಡೆನ್ಮಾರ್ಕಿನ ಅರಸ ತಯಾರಾದ: ಜರಿ ಪಟಗಾ, ಕರಿ ಕೋಟು, ಮುಂದೆ ಒಂದು ನೀಲಿ ಹಲ್ಲು, ಉಳಿದದ್ದೆಲ್ಲ ಅಪ್ಪಟ ಕಾಶಿನಾಥ.

"ಎರಡು ಪ್ರತಿ ತೆಗೆದೀನ್ರಿ" ಎಂದ ಅಂಬಾದಾಸ. "ಇಪ್ಪತ್ತು ವರ್ಷದಾಗ ನಾ ಮಾಡಿದ ಮೊದಲನೇ ಹಲ್ಲು ಇದು. ಒಂದು ನನ್ನ ಶೋಕೇಸಿಗೆ ಇರ್ಲಿ." ಫ್ರೇಮಿನ ಜೊತೆ ಗಂಧದ ಬಣ್ಣದ ಒಂದೊಂದು ಪ್ಲಾಸ್ಟಿಕ್ ಮಾಲೆ ಅವನ ಅಂಗಡಿಯ ರೂಢಿ. ಶೋಕೇಸಿನ ರಾಜನಿಗೂ ಒಂದು ಬಿತ್ತು.

ಗುರುವಾರ ಫೋಟೋ ಮನೆಗೆ ಬಂತು. ಅಜ್ಜಿ ಕನ್ನಡಕ ಹಾಕಿಕೊಂಡು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೋಡಿದರು, ಇನ್ನೂ ನೋಡಿದರು. ಕಾಶಿನಾಥ ಅವರು ಬೆವರು ಒರೆಸಿಕೊಂಡರು. ನಾನು ಸೆರಗಿನ ಕಡೆ ಕಣ್ಣಿಟ್ಟಿದ್ದೆ, ಅದು ಅಲುಗಲಿಲ್ಲ.

"ಚಲೋ ರಾಜ" ಎಂದರು ಕೊನೆಗೆ. ಮಾಲೆಯನ್ನು ಮಾತ್ರ ಸರಕ್ಕನೆ ಕಿತ್ತು ಕಪಾಟಿನೊಳಗೆ ಒಗೆದರು. "ಈ ರಾಜಗ ಮಾಲಿ ಬ್ಯಾಡ." ಕೆಳಗಿನ ಅಕ್ಷರದ ಮೇಲೆ ವಿಭೂತಿಯನ್ನು ಗೋಡೆಗೆ ಸುಣ್ಣ ಬಳಿದಂತೆ ಬಳಿದರು. ದೇವರ ಜಗಲಿಯ ಪಕ್ಕದ ಮೊಳೆಗೆ ಫೋಟೋ ತೂಗುಹಾಕಿ, ಮಗನ ಕರಿ ಇಯರ್‌ಫೋನನ್ನು ಅದರ ಮೇಲೆ ಇಳಿಬಿಟ್ಟರು. "ಆತನ ಸಾಮಾನು ಆತನ ಹಂತೇಕ ಇರ್ಲಿ. ಭಾನುವಾರ ನಾ ಕೂಡ್ತೀನಿ, ಹೋಗ್ರಿ."

ಐಶ್ವರ್ಯಾ ಅಜ್ಜಿಯನ್ನು ಅಪ್ಪಿಕೊಂಡಳು. ಇತಿಹಾಸಕ್ಕೆ ಇಂಥ ಉಪಯೋಗವಾದದ್ದನ್ನು ನಾನು ಮೊದಲ ಸಲ ಕಂಡೆ. ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಶೋಕೇಸಿನಲ್ಲಿ ಎರಡನೇ ಪ್ರತಿ ಇತ್ತು, ಮಾಲೆಯ ಸಮೇತ.

ಶುಕ್ರವಾರ ಸಂಜೆ ಆ ಶೋಕೇಸಿನ ಮುಂದೆ ಬಸ್ಸು ನಿಂತಿತು. ಬಸ್ಸಿನಲ್ಲಿ ಹುಲಗೇಶ ಇದ್ದ. ನಾಚಾರಂ ಕಾರ್ಖಾನೆಯಲ್ಲಿ ಕಾಶಿನಾಥ ಅವರ ಕೈಕೆಳಗಿನವನು. ಗುರುವಾರದಿಂದ ಸಾಹೇಬರು ರಜೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಕೋಟು, ಪಟಗಾ, ಮಾಲೆ, ಕೀರ್ತಿಶೇಷ. ಹಲ್ಲು ಕೂಡ ನೀಲಿಗಟ್ಟಿಬಿಟ್ಟಿದೆ. "ವಿಷಾನೇ ಏರಿರಬೇಕು" ಎಂದುಕೊಂಡು ಬಸ್ಸಿನೊಳಗೇ ಕಣ್ಣು ಒರೆಸಿಕೊಂಡನಂತೆ.

ಖಾತ್ರಿಗೆಂದು ಫೋನು ಮಾಡಿದ. ಪಡಸಾಲೆಯಲ್ಲಿ ಕೂತಿದ್ದ ಕಾಶಿನಾಥ ಅವರು ಎತ್ತಿಕೊಂಡು "ಹಲೋ, ಹಲೋ" ಅಂದರು. ಏನೂ ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ? ಫೋನಿನ ಕಿವಿ, ಬಾಯಿ ಎರಡೂ ಇಯರ್‌ಫೋನಿನ ಜೊತೆ ಜಗಲಿಯ ಪಕ್ಕ ರಾಜನ ಕೊರಳಲ್ಲಿದ್ದವು. ಅಲ್ಲಿ ಅಜ್ಜಿ ಸಂಜೆಯ ಭಜನೆಗೆ ಕೂತಿದ್ದರು. ಹುಲಗೇಶನ ಕಿವಿಗೆ ಬಿದ್ದದ್ದು ಕಾಶಿನಾಥ ಅವರ ದನಿಯಲ್ಲ. ತಾಳ, ಮುದುಕಿಯ ಎಳೆದ ರಾಗ, ನಡುವೆ ಗಂಟೆ. ಅವನು ಫೋನು ಕೆಳಗಿಟ್ಟು ಕೈಮುಗಿದ. ನಮ್ಮವರಲ್ಲಿ ಸಾವಿನ ಮನೆಗೆ ಇನ್ನೊಮ್ಮೆ ಫೋನು ಮಾಡಿ ‘ಹೋಗಿದ್ದು ಖರೇನ್ರಿ?’ ಎಂದು ಕೇಳುವ ಪದ್ಧತಿ ಇಲ್ಲ. ಕೇಳದೇ ಹೊರಟುಬಿಡುವುದು ಮರ್ಯಾದೆ.

ಅದೇ ರಾತ್ರಿ ಅವನು, ಬಸ್ಸಿನ ಕಿಟಕಿಯಿಂದ ಫೋನಿನಲ್ಲಿ ತೆಗೆದಿದ್ದ ಶೋಕೇಸಿನ ಚಿತ್ರವನ್ನು ಕನ್ನಡ ಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಒಂದೇ ತಾಸಿನಲ್ಲಿ ಎಪ್ಪತ್ತು ‘ಓಂ ಶಾಂತಿ’ ಬಂದವು. ಎಪ್ಪತ್ತೊಂದನೆಯದು ಕಾಶಿನಾಥ ಅವರದೇ. ನಿಶ್ಚಯದ ಗಡಿಬಿಡಿಯಲ್ಲಿ ಚಿತ್ರ ತೆರೆಯದೆ, ಸಾಲಾಗಿ ಕೈಮುಗಿದವರನ್ನು ನೋಡಿ ತಾವೂ ಮುಗಿದುಬಿಟ್ಟರು. "ಯಾರೋ ಪಾಪ, ಭಾಳ ಮಂದಿಗೆ ಬೇಕಾದವರು ಕಾಣಸ್ತೈತಿ" ಎಂದು ಹೆಂಡತಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮೊದಲು ಬಂದವರು ಎದುರು ಮನೆಯ ಅಂಬವ್ವ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಅದಕ್ಕೇ ಬುಟ್ಟಿ ತುಂಬ ರೊಟ್ಟಿ, ಪುಂಡಿಪಲ್ಲೆ ಹಿಡಿದು ಹಿಂಬಾಗಿಲಿಂದ ಬಂದು, ಏನೂ ಮಾತಾಡದೆ ಶಿವಗಂಗಾರನ್ನು ತಬ್ಬಿಕೊಂಡು ಅತ್ತರು. ಮಗಳು ಹೋಗುವ ದುಃಖಕ್ಕೆ ಇವರು ಅಳುತ್ತಿದ್ದಾರೆ ಎಂದುಕೊಂಡು, ತಡೆದಿಟ್ಟುಕೊಂಡಿದ್ದ ಶಿವಗಂಗಾ ಕೂಡ ಅತ್ತರು. ಕಾಶಿನಾಥ ಅವರು ಆಗ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದರು.

"ಮನಿ ತುಂಬಿಕೊಂಡಿದ್ದ ಜೀವ" ಎಂದರು ಅಂಬವ್ವ.

"ಏನ್ ಮಾಡೋದ್ರಿ, ಒಂದಿಲ್ಲೊಂದು ದಿನ ಕಳಿಸಲೇಬೇಕಲ್ಲ. ಬೇಗಂಪೇಟಿ ಏನ್ ದೂರ? ನೆನಪಾದಾಗ ಹೋಗಿ ನೋಡ್ಕೊಂಡು ಬರ್ತೀನಿ."

"ಜಾಗ ಚಲೋ ಐತೇನ್ರಿ ಅಲ್ಲಿ?"

"ಭಾಳ ಚಲೋ ಐತ್ರಿ. ಗಾಳಿ ಐತಿ, ಬೆಳಕು ಐತಿ, ಮುಂದೊಂದು ಬೇವಿನ ಗಿಡ. ದೀಪಕನ ಅಪ್ಪ ಮೊದಲ ತಗೊಂಡು ಇಟ್ಟಿದ್ದರಂತ."

ಸಮಾಧಿಯ ಜಾಗಕ್ಕೂ ಬೀಗರು ಇಷ್ಟು ಮುಂದಾಲೋಚನೆಯವರೇ ಎಂದು ಅಂಬವ್ವ ಬೆರಗಾಗಿ ಅಳು ನಿಲ್ಲಿಸಿ ಅಡಿಗೆಮನೆಯಲ್ಲೇ ಕೂತರು.

ಒಂಬತ್ತೂವರೆಗೆ ಬಾಗಿಲಲ್ಲಿ ದೀಪಕನ ತಂದೆ ಸಿದ್ದರಾಮಪ್ಪನವರೇ ಕಾಣಿಸಿಕೊಂಡರು. ರೈಲ್ವೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅವರ ಮಾತು ಸ್ಟೇಷನ್ನಿನ ಘೋಷಣೆಯಂತೆ ಬರುತ್ತದೆ: ಒಂದೊಂದು ಶಬ್ದಕ್ಕೂ ಒಂದೊಂದು ಪ್ಲಾಟ್‌ಫಾರ್ಮು. ನಾನು ಅದನ್ನು ಅನುಕರಿಸಿ ಐಶ್ವರ್ಯಾಳನ್ನು ಹಲವು ಸಲ ನಗಿಸಿದ್ದೇನೆ. ಅಂದು ಮಾತ್ರ ಅನುಕರಿಸುವ ಮನಸ್ಸಾಗಲಿಲ್ಲ. ಯಾಕೆಂದರೆ ಅವರ ಹಿಂದೆ ಹುಲಗೇಶ, ಅವನ ಹಿಂದೆ ಕಾರ್ಖಾನೆಯ ನಾಲ್ವರು, ಅವರೆಲ್ಲರ ನಡುವೆ ಬಂಡಿಗಾಲಿಯಷ್ಟು ದೊಡ್ಡದೊಂದು ಹೂವಿನ ಚಕ್ರ.

ಕಿಟಕಿಯಿಂದ ಬೀಗರನ್ನಷ್ಟೇ ಕಂಡ ಕಾಶಿನಾಥ ಅವರು, "ನಾಳಿ ಬರೋರು ಇವತ್ತ ಬಂದ್ರು, ನನ್ನ ಕೋಟೆಲ್ಲಿ?" ಎಂದು ಒಳಕೋಣೆಗೆ ಓಡಿದರು.

ಬಂದವರು ಸಾಲಾಗಿ ಕೂತರು. ಎದುರಿಗೆ ಜಗಲಿ, ದೀಪ, ಫೋಟೋ, ಅದರ ಮೇಲೆ ಕರಿ ಪಟ್ಟಿ. ಅಜ್ಜಿ ಮೂಲೆಯಲ್ಲಿ ಕೂತು ಸೆರಗಿನೊಳಗಿಂದ ಎಲ್ಲರನ್ನೂ ಒಬ್ಬೊಬ್ಬರಾಗಿ ಅಳೆದರು. ಶಿವಗಂಗಾ ಚಹಾ ತಂದರೆ ಯಾರೂ ಮುಟ್ಟಲಿಲ್ಲ.

"ಎಂದೂ ಇಲ್ಲ ಅಂದವರಲ್ರಿ" ಎಂದು ಹುಲಗೇಶ ಶುರುಮಾಡಿದ. "ಏನ್ ಕೇಳಿದ್ರೂ ಐತಿ ಅಂತಿದ್ರು. ನಿನ್ನೆ ಎರಡನೇ ರ‍್ಯಾಕು ತೆಗೆದು ನೋಡಿದ್ವಿ. ಏನೂ ಇಲ್ರಿ ಅದರಾಗ. ಇಪ್ಪತ್ತಾರು ವರ್ಷ ನಮ್ಮ ಮನಸು ನೋಯಿಸಬಾರದಂತ ಐತಿ, ಐತಿ ಅಂದ ಮನಷಾ." ಉಳಿದ ನಾಲ್ವರೂ ಮೂಗು ಒರೆಸಿಕೊಂಡರು. ಇಷ್ಟು ಒಳ್ಳೆಯ ಅರ್ಥ ಆ ರ‍್ಯಾಕಿಗಿದೆಯೆಂದು ನನಗೂ ಹೊಳೆದಿರಲಿಲ್ಲ.

"ಯಾರ ಬಗ್ಗೆ ಮಾತಾಡಾಕತ್ತೀರಿ ಕಾಕಾ?" ಎಂದಳು ಐಶ್ವರ್ಯಾ.

ಸಿದ್ದರಾಮಪ್ಪನವರು ಗಂಟಲು ಸರಿಮಾಡಿಕೊಂಡರು. "ತಂಗೀ. ನಮ್ಮಲ್ಲಿ. ಸೂತಕ. ಅನ್ನೋದು. ಇಲ್ಲ. ಆದ್ರ. ಮಂದಿ ಬಾಯಿ. ಐತಿ. ನಾಳಿನ ಕಾರ್ಯ. ಮುಂದ ಹಾಕೋದು. ಚಲೋ. ಈ ವರ್ಷ. ಬ್ಯಾಡ."

ಐಶ್ವರ್ಯಾ ಎದ್ದು ನಿಂತಳು. ಶಿವಗಂಗಾ ಚಹಾದ ತಟ್ಟೆಯನ್ನು ನೆಲಕ್ಕಿಟ್ಟರು. ಅದೇ ಹೊತ್ತಿಗೆ ಒಳಬಾಗಿಲ ಪರದೆ ಸರಿಯಿತು. ನಿಶ್ಚಯಕ್ಕೆಂದು ತಂದ ಜರಿ ಪಟಗಾ ಸುತ್ತಿ, ಕರಿ ಕೋಟು ತೊಟ್ಟು, ಬೀಗರಿಗೆ ತೋರಿಸಲೆಂದೇ ಇಟ್ಟುಕೊಂಡ ಅಗಲ ನಗೆ ನಗುತ್ತಾ ಕಾಶಿನಾಥ ಅವರು ಹೊರಗೆ ಬಂದರು.

"ಬರ್ರಿ ಬೀಗರ. ಚಹಾ ತಗೊಂಡ್ರೇನು?"

ಯಾರೂ ಕಿರುಚಲಿಲ್ಲ. ಕಿರುಚಲು ಉಸಿರು ಬೇಕಲ್ಲ. ಬಂದವರಿಗೆ ಬಡಿಸಲೆಂದು ಒಳಗಿಂದ ತರುತ್ತಿದ್ದ ಅಂಬವ್ವನ ಕೈಯಿಂದ ರೊಟ್ಟಿ ಬುಟ್ಟಿ ಜಾರಿತು. ರೊಟ್ಟಿಗಳು ಗಾಲಿಗಳಂತೆ ಉರುಳಿ ಪಡಸಾಲೆಯ ನಾಲ್ಕು ಮೂಲೆ ಸೇರಿದವು. ಹುಲಗೇಶ ಎದ್ದು ನಿಂತ. ಸಾಹೇಬರು ಬಂದಾಗ ಎದ್ದು ನಿಲ್ಲುವುದು ಅವನಿಗೆ ರೂಢಿ. ಎದ್ದವನಿಗೆ ಕೈಯಲ್ಲಿದ್ದ ಹೂವಿನ ಚಕ್ರ ಏನು ಮಾಡುವುದೆಂದು ತೋಚದೆ, ಅದನ್ನು ಸಾಹೇಬರ ಕೈಗೇ ಕೊಟ್ಟ.

"ಏನಿದು?" ಎಂದರು ಕಾಶಿನಾಥ ಅವರು.

"ನಿಮಗ ತಂದಿದ್ದೆವ್ರಿ" ಎಂದ ಹುಲಗೇಶ.

ಸಿದ್ದರಾಮಪ್ಪನವರು ಫೋಟೋ ನೋಡಿದರು, ಮನುಷ್ಯನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಪಟಗಾದ ಮಡಿಕೆ ಕೂಡ ಒಂದೇ. ಅವರ ದನಿ ಈ ಸಲ ಪ್ಯಾಸೆಂಜರ್ ಗಾಡಿ ಬಿಟ್ಟು ಎಕ್ಸ್‌ಪ್ರೆಸ್ಸು ಹತ್ತಿತು. "ಜೀವಂತ ಮನಷಾನ ಫೋಟೋಕ್ಕ ಮಾಲಿ ಹಾಕಿ ಬಜಾರದಾಗ ಇಡ್ತೀರಿ, ಗುಂಪಿನ್ಯಾಗ ನಿಮಗ ನೀವ ಓಂ ಶಾಂತಿ ಅಂತೀರಿ, ಇಂಥಾ ಮನಿ ಜೋಡಿ ನಾ ಹ್ಯಾಂಗ ಬೀಗತನ ಮಾಡ್ಲಿ? ಯಾರ ಫೋಟೋರಿ ಇದು?"

"ಡೆನ್ಮಾರ್ಕಿನ ರಾಜಂದು ಬೀಗರ. ಸಾವಿರ ವರ್ಷದ ಹಿಂದಿಂದು."

"ರಾಜಗ ನಿಮ್ಮ ಮಾರಿ ಹ್ಯಾಂಗ ಬಂತು?"

ಕಾಶಿನಾಥ ಅವರು ನನ್ನ ಕಡೆ ನೋಡಿದರು. ನಾನು ನೆಲದ ಮೇಲಿನ ರೊಟ್ಟಿಯ ಕಡೆ ನೋಡಿದೆ. ಅವರು ಮಗಳನ್ನು ನೋಡಿದರು, ತೋಳಿನ ತುಂಬ ಇದ್ದ ಹೂವಿನ ಚಕ್ರವನ್ನು ನೋಡಿದರು. ತಲೆಯೊಳಗಿನ ಎರಡನೇ ರ‍್ಯಾಕನ್ನು ತುದಿಯಿಂದ ತುದಿಗೆ ತಡಕಾಡಿದ್ದು ಹಣೆಯ ಮೇಲೆ ಕಾಣುತ್ತಿತ್ತು.

"ಗೊತ್ತಿಲ್ರಿ" ಎಂದರು.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಹುಲಗೇಶ ಕುಸಿದು ಕೂತ. ಸಾಹೇಬರು ಸತ್ತದ್ದಕ್ಕಿಂತ ಇದು ಅವನಿಗೆ ಹೆಚ್ಚು ನಾಟಿತ್ತು.

ಆಗ ಮೂಲೆಯಿಂದ ಒಂದು ಸದ್ದು ಬಂತು. ಕುಕ್ಕರಿನ ಸೀಟಿ ಏಳುವ ಮುಂಚೆ ಬರುತ್ತದಲ್ಲ, ಅಂಥದು. ಅಜ್ಜಿಯ ಸೆರಗು ನಡುಗಿತು, ಹಾರಿತು, ಕೊನೆಗೆ ಜಾರಿ ಮಡಿಲಿಗೆ ಬಿತ್ತು. ಅಜ್ಜಿ ಅದನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಎರಡೂ ಕೈ ಹೊಟ್ಟೆ ಹಿಡಿದುಕೊಂಡಿದ್ದವು. ಬಾಯಿ ಪೂರ್ತಿ ತೆರೆದಿತ್ತು. ಐವತ್ತು ವರ್ಷ ಒಳಗಿಟ್ಟ ನಗೆ ಒಮ್ಮೆಗೇ ಹೊರಬೀಳುತ್ತಿತ್ತು. ಅದರ ನಡುವೆ ಆ ಹಲ್ಲು ಫೋಟೋದ ಹಲ್ಲಿಗಿಂತ ಒಂದು ಕೈ ಹೆಚ್ಚೇ ನೀಲಿಯಾಗಿ ಕೂತಿತ್ತು.

"ನಿನಗ ಗೊತ್ತಿಲ್ಲಂದ್ರ ನನಗ ಗೊತ್ತೈತಲ್ಲೋ ಕಾಶೀ" ಎಂದರು, ಉಸಿರು ಸಿಕ್ಕ ಮೇಲೆ. "ಬೀಗರ, ಕುಂಡ್ರಿ. ಇದೇನು ರಾಜಂದಲ್ಲ, ನನ್ನ ಮಗಂದು. ಹಡೆದಾಕಿಗೆ ಮಗನ ಮಾರಿ ಗೊತ್ತಾಗಂಗಿಲ್ಲೇನು? ಕಂಡ ಕೂಡ್ಲೇ ಗೊತ್ತಾತು. ಅದಕ್ಕ ಮಾಲಿ ಕಿತ್ತಿ ಒಗೆದೆ, ಅಕ್ಷರ ಮುಚ್ಚಿದೆ. ಅಲ್ರಿ, ಅವ್ವ ನಾಚ್ಕೊಂತಾಳಂತ ತನ್ನ ಹಲ್ಲಿಗೆ ನೀಲಿ ಬಳಕೊಂಡು ಕುಂತಾನಲ್ಲ ಐವತ್ತರ ಹತ್ತಿರ ಬಂದ ಗಂಡಸು. ಇನ್ನೇನ ಮುಚ್ಚಿಕೊಳ್ಳಲಿ ನಾನು?"

ಕಾಶಿನಾಥ ಅವರು ಹೂವಿನ ಚಕ್ರದ ಹಿಂದೆ ಮುಖ ಮುಚ್ಚಿಕೊಂಡರು. ಅದಕ್ಕಾದರೂ ಅದು ಉಪಯೋಗಕ್ಕೆ ಬಂತು.

ಸಿದ್ದರಾಮಪ್ಪನವರು ಅಜ್ಜಿಯನ್ನು ನೋಡಿದರು. ಆಮೇಲೆ ಬಗ್ಗಿ, ಕಾಲಬಳಿ ಬಿದ್ದಿದ್ದ ಒಂದು ರೊಟ್ಟಿಯನ್ನು ಎತ್ತಿ ಬುಟ್ಟಿಗಿಟ್ಟರು. ಇನ್ನೊಂದನ್ನೂ ಎತ್ತಿಟ್ಟರು.

"ನಾಳಿನ ಕಾರ್ಯ" ಎಂದರು. ಮತ್ತೆ ಪ್ಯಾಸೆಂಜರ್ ಗಾಡಿ. "ಹತ್ತು. ಇಪ್ಪತ್ತಕ್ಕ. ಸರಿಯಾದ. ಸಮಯಕ್ಕ. ನಡೀತೈತಿ." ಬಾಗಿಲ ತನಕ ಹೋದವರು ತಿರುಗಿ ನಿಂತರು. "ಅವ್ವಾರ. ನಮ್ಮ ಮನ್ಯಾಗ. ಯಾರೂ. ನಗಂಗಿಲ್ರಿ. ನೀವು. ಆಗಾಗ. ಬರ್ರಿ."

ಹುಲಗೇಶ ಮತ್ತು ಸಂಗಡಿಗರು ಚಹಾ ಕುಡಿದು, ಅಂಬವ್ವನ ರೊಟ್ಟಿ ತಿಂದು ಹೋದರು. ಹೂವಿನ ಚಕ್ರ ಬಿಡಿಸಿ ಶಿವಗಂಗಾ ನಾಳೆಗೆ ಮಾಲೆ ಕಟ್ಟಿದರು. ಹೂವಿಗೇನು ಗೊತ್ತು?

ಭಾನುವಾರದ ಫೋಟೋ ಈಗಲೂ ಅವರ ಪಡಸಾಲೆಯಲ್ಲಿದೆ. ನಡುವೆ ಐಶ್ವರ್ಯಾ, ದೀಪಕ. ಐಶ್ವರ್ಯಾಳ ಬಾಜೂ ಅಜ್ಜಿ, ಹೆಗಲ ಮೇಲೆ ಸೆರಗು, ಬಾಯಿ ತುಂಬ ನಗು. ಅಜ್ಜಿಯ ಹಿಂದೆ ಕಾಶಿನಾಥ ಅವರು, ಅಂಬಾದಾಸನ ಕಂಪ್ಯೂಟರಿನ ರಾಜರಂತೆ ತುಟಿ ಬಿಗಿದು ನಿಂತಿದ್ದಾರೆ. ಅಂಬಾದಾಸ ಅದನ್ನು ನೋಡಿ, ಅಜ್ಜಿಯನ್ನಷ್ಟೇ ಕತ್ತರಿಸಿ ತೆಗೆದು ದೊಡ್ಡದು ಮಾಡಿ ಫ್ರೇಮು ಹಾಕಿ, ತಾನೇ ಮನೆಗೆ ತಂದುಕೊಟ್ಟ. ಪಟಗಾ ಇಲ್ಲ, ಆಕಾಶ ಇಲ್ಲ, ಹಲ್ಲಿಗೆ ಬಣ್ಣ ಹಚ್ಚುವ ಕೆಲಸವೂ ಇರಲಿಲ್ಲ. ಅಂಗಡಿಯ ರೂಢಿಯಂತೆ ಫ್ರೇಮಿನ ಜೊತೆ ಪ್ಲಾಸ್ಟಿಕ್ ಮಾಲೆ ಮಾತ್ರ ಬಂದಿತ್ತು.

ಅಜ್ಜಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೆಚ್ಚಿ, ಮಾಲೆಯನ್ನು ಬಿಡಿಸಿ ಸುತ್ತಿ ಅವನ ಕೈಯಲ್ಲಿಟ್ಟರು.

"ಇದು ನಿನ್ನ ಹಂತೇಕನ ಇರ್ಲಿ ಅಂಬಾದಾಸ. ಬೇಕಾದಾಗ ಕಾಶಿ ಬಂದು ಕೇಳ್ತಾನ. ಕೇಳಿದ್ರ ಎರಡನೇ ರ‍್ಯಾಕಿನ್ಯಾಗ ನೋಡಂತ ಹೇಳು."